ಒಂದ ಇದ್ದ ಚಾವಿನೂ ಕಳದೈತಿ, ಗಾಡಿ ಬೆಟಗೇರ್ಯಾಗ ನಿಂತೈತಿ: ಶೋರೂಮೋ, ಪ್ಯಾಟಿಯವರೋ?

ಬೆಟಗೇರಿ_ಬಸ್ಯಾ

ನಮಸ್ಕಾರ್ರಿ. ಗಾಡಿ ಹುಂಡೈ ಗ್ರ್ಯಾಂಡ್ ಐ10, ಪೆಟ್ರೋಲ್, 2016ರದ್ದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕೊಟ್ಟವ್ರು ಒಂದ ಚಾವಿ ಕೊಟ್ಟಿದ್ರು, ಇನ್ನೊಂದು ಎಲ್ಲೈತೋ ಗೊತ್ತಿಲ್ಲ ಅಂದಿದ್ರು. ಈಗ ಆ ಒಂದೂ ಪ್ಯಾಟ್ಯಾಗ ಕಳದೈತಿ. ಬಾಗಲಾ ಲಾಕ್, ಸ್ಟೇರಿಂಗೂ ಲಾಕ್. ಪುಶ್ ಬಟನ್ ಗಾಡಿ ಅಲ್ಲ, ರಿಮೋಟ್ ಇರೋ ಚಾವಿ.

ಹುಬ್ಬಳ್ಳಿಗೆ ಟೋ ಮಾಡ್ಕೊಂಡು ಶೋರೂಮ್‌ಗೇ ಒಯ್ಯಬೇಕೋ, ಚಾವಿ ಮಾಡೋರನ್ನ ಇಲ್ಲೇ ಕರಸಬಹುದೋ? ಒಬ್ರು ಇಸಿಎಂ (ಎಂಜಿನ್ ನಡಸೂ ಕಂಪ್ಯೂಟರ್) ಬದಲಿ ಮಾಡಬೇಕು ಅಂತಾರ, ಇನ್ನೊಬ್ರು ಇಮ್ಮೊಬಿಲೈಸರ್ (ಖರೇ ಚಾವಿ ಇಲ್ದ ಎಂಜಿನ್ ಚಾಲೂ ಆಗದಂಗ ತಡಿಯೂದು) ಕಿತ್ತು ಒಗದ್ರ ಮುಗೀತು ಅಂತಾರ. ಕಳದ ಚಾವಿ ಯಾರಿಗರೆ ಸಿಕ್ರ ಗಾಡಿ ಒಯ್ತಾರೇನು?

ಚಾವಿ_ಮಶೀನ್_ಹುಬ್ಬಳ್ಳಿ

ಇಸಿಎಂ ಬದಲಿ ಮಾಡೂ ಕೆಲಸ ಇಲ್ರಿ. ಇಮ್ಮೊಬಿಲೈಸರ್ ಅಂತೂ ಮುಟ್ಟಬ್ಯಾಡ್ರಿ, ಅದ್ರದ್ದು ಆಮ್ಯಾಗ ಹೇಳ್ತೀನಿ. ಗ್ಲಾಸ್ ಒಡಿಯೂದೂ ಬ್ಯಾಡ. ಗಾಳಿ ತುಂಬೋ ಚೀಲ, ಉದ್ದ ರಾಡ್ ಇಟ್ಕೊಂಡವರು ಬಾಗಲಾ ಸ್ವಲ್ಪ ಅಗಲ ಮಾಡಿ ಒಳಗಿನ ಹ್ಯಾಂಡಲ್ ಎಳೀತಾರ. ಹಂಗ ತಗದ್ರ ಅಲಾರಾಂ ಹೊಡ್ಕೋಬಹುದು, ಅದಕ್ಕ ಗಾಬರಿ ಆಗಬ್ಯಾಡ್ರಿ.

ಮೊದಲ ಹಳೇ ಮಾಲಕರಿಗೆ ಫೋನ್ ಹಚ್ರಿ. ಎರಡನೇ ಚಾವಿ ಒಂದ ಕೇಳಬ್ಯಾಡ್ರಿ, ಹೊಸಾ ಗಾಡಿ ಜೋಡಿ ಚಾವಿ ಗೊಂಚಲಕ್ಕ ಒಂದು ಸಣ್ಣ ಟ್ಯಾಗ್ ಬಂದಿರ್ತೈತಿ, ಅದರ ಮ್ಯಾಗ ಚಾವಿ ನಂಬರ್ ಇರ್ತೈತಿ, ಅದನ್ನೂ ಕೇಳ್ರಿ. ಬಾಳ ಮಂದಿ ಅದನ್ನ ಮ್ಯಾನುವಲ್ ಪುಸ್ತಕದಾಗ, ಇಲ್ಲಾ ಗಾಡಿ ಬಿಲ್ಲಿನ ಫೈಲ್‌ನ್ಯಾಗ ಇಟ್ಟು ಮರ್ತಿರ್ತಾರ. ಆ ನಂಬರ್ ಸಿಕ್ರ ಹಲ್ಲು ಕೊರಿಯೂದು ಮಶೀನಿನ ಕೆಲಸ, ಲಾಕ್ ಬಿಚ್ಚೂ ಗ್ವಾಜೇ ಇಲ್ಲ.

ನಂಬರ್ ಸಿಗ್ಲಿಲ್ಲಂದ್ರ ಡ್ರೈವರ್ ಬಾಗಲಾದ ಲಾಕಿನೊಳಗ ಲಿಶಿ ಅಂತ ಒಂದು ಟೂಲ್ ಹಾಕಿ ಒಂದೊಂದ ವೇಫರ್ (ಲಾಕಿನೊಳಗಿನ ಸಣ್ಣ ತಗಡಿನ ಪಟ್ಟಿ) ಎಷ್ಟು ಆಳಕ್ಕ ಕುಂತೈತಿ ಅಂತ ಓದ್ತಾರ. ಆ ಅಳತಿ ಮ್ಯಾಗ ಹೊಸಾ ಬ್ಲೇಡ್, ಅಂದ್ರ ಚಾವಿಯ ಹಲ್ಲಿನ ಭಾಗ, ಕೊರೀತಾರ. ಲಾಕ್ ಸವದಿದ್ರ ಒಂದೆರಡು ಆಳ ತಪ್ಪಾಗಿ ಓದತೈತಿ, ಆವಾಗ ಬಾಗಲಾದ ಲಾಕ್ ಹೊರಗ ತಗದು ವೇಫರ್ ಕಣ್ಣಿಲೆ ನೋಡಬೇಕಾಕ್ಕೈತಿ. ಸವದ ಹಳೇ ಚಾವಿ ಇಟ್ಟು ಕಾಪಿ ಹೊಡಸೂದಕ್ಕಿಂತ ಇದು ಚಲೋ, ಯಾಕಂದ್ರ ಕಾಪಿ ಹೊಡದ್ರ ಸವದದ್ದೂ ಕಾಪಿ ಆಕ್ಕೈತಿ.

ಇದು ಬರೇ ಬ್ಲೇಡಿನ ಕತಿ. ಬ್ಲೇಡಿನಿಂದ ಬಾಗಲಾ ತೆರೀತೈತಿ, ಸ್ಟೇರಿಂಗ್ ಬಿಡತೈತಿ, ಸೆಲ್ಫ್ ಹೊಡೀತೈತಿ. ಎಂಜಿನ್ ಮಾತ್ರ ಹಿಡಿಯೂದಿಲ್ಲ. ಅದಕ್ಕ ಚಾವಿ ತಲಿಯೊಳಗ ಚಿಪ್ ಬೇಕು, ಆ ಚಿಪ್ ಗಾಡಿಗೆ ಕಲಿಸಬೇಕು, ಅಂದ್ರ ಗಾಡಿ ಅದನ್ನ ಗುರ್ತು ಹಿಡಿಯೂ ಹಂಗ ಮಾಡಬೇಕು. ಕಲಿಸಾಕ ನಿಮ್ಮ ಗಾಡಿಯ ಆರು ಅಂಕಿ ಪಿನ್ ಬೇಕು. ಶೋರೂಮಿನವರು ಆರ್‌ಸಿ ನೋಡಿ ಚಾಸಿ ನಂಬರ್ ಹಾಕಿ ಕಂಪನಿಯಿಂದ ಪಿನ್ ತಗೋತಾರ. ಹೊರಗಿನವರ ಚಲೋ ಮಶೀನ್ ಇದ್ರ ಅದೂ ಪಿನ್ ತಗೀತೈತಿ. ಇಲ್ಲೇ ಅರ್ಧಂಬರ್ಧ ಕಲ್ತವರು ಸಿಕ್ಕಿ ಬೀಳೂದು. ಪಿನ್ ಮೂರು ಸಲ ತಪ್ಪು ಹೊಡದ್ರ ಇಸಿಎಂ ಒಂದು ತಾಸು ಲಾಕ್ ಆಕ್ಕೈತಿ. ಬ್ಯಾಟರಿ ಬಿಚ್ಚಿ ಹಾಕಿದ್ರ ಬಿಡತೈತಿ ಅಂತ ಬಿಚ್ತಾರ, ಆಗ ಆ ತಾಸು ಮತ್ತ ಸೊನ್ನಿಯಿಂದ ಸುರು. ಇಗ್ನಿಷನ್ ಆನ್ ಇಟ್ಟು ಸುಮ್ನ ಕುಂದ್ರೂದ ಉಪಾಯ.

ಆ ತಾಸಿನ್ಯಾಗ ಬ್ಯಾಟರಿ ಇಳೀತೈತಿ, ಅದನ್ನೂ ನೋಡ್ಕೋಬೇಕು. ಕಲಿಸೂ ಮುಂಚೆ ಮೀಟರ್ ಹಚ್ಚಿ ನೋಡ್ರಿ: 12.5 ವೋಲ್ಟಿಗಿಂತ ಕಡಿಮಿ ಇದ್ರ ಚಾರ್ಜರ್ ಹಚ್ಚಿದ ಮ್ಯಾಗ ಕೆಲಸಾ ಸುರು ಮಾಡ್ಸ್ರಿ. ವಾರಗಟ್ಲೆ ನಿಂತ ಗಾಡಿ ಆದ್ರ ಇದು ತಪ್ಪಸೂ ಹಂಗ ಇಲ್ಲ. ಚಿಪ್ ಕಲಿಸೂ ನಡುವ ವೋಲ್ಟೇಜ್ ಬಿದ್ರ ಚಾವಿ ಖರ್ಚಿನ ಜೋಡಿ ಇಸಿಎಂ ಖರ್ಚೂ ಬರತೈತಿ.

ಎರಡು ಚಾವಿ ಒಮ್ಮೆಲೆ ಮಾಡ್ಸ್ರಿ. ಕಲಿಸೂ ಮಜೂರಿ ಒಂದ, ಚಾವಿ ಸಾಮಾನಿನ ರೊಕ್ಕ ಅಷ್ಟ ಹೆಚ್ಚಾಕ್ಕೈತಿ. ನಿಮ್ಮ ಮಾಡೆಲ್‌ಗೆ ನಾಲ್ಕು ಚಾವಿತನಕ ಕಲಿಸಬಹುದು. ಈಗ ಒಂದ ಮಾಡ್ಸಿ ಆಮ್ಯಾಗ ಇನ್ನೊಂದು ಅಂದ್ರ, ಆಗ ಇದ್ದ ಚಾವಿನೂ ಎರಡನೇ ಸಲ ಕಲಿಸಬೇಕಾಕ್ಕೈತಿ.

ಬಿಲ್ ಕೇಳುವಾಗ ಒಟ್ಟು ಎಷ್ಟು ಅಂತ ಕೇಳಬ್ಯಾಡ್ರಿ. ಬಾಗಲಾ ತೆಗಿಯೂದು, ಬ್ಲೇಡ್ ಕೊರಿಯೂದು, ಚಿಪ್, ರಿಮೋಟ್, ಕಲಿಸೂ ಮಜೂರಿ, ಬಂದು ಹೋಗೂ ಖರ್ಚು, ಒಂದೊಂದೂ ಬ್ಯಾರೆ ಬರಸ್ಕೋರಿ. ಆವಾಗ ಶೋರೂಮಿನ ರೇಟ್ ಜೋಡಿ ಹೋಲಸಾಕ ಬರತೈತಿ. ಟೋ ಖರ್ಚು ಸೇರಿಸಿ ಹೋಲಸ್ರಿ, ಗದಗಿನಿಂದ ಹುಬ್ಬಳ್ಳಿಗೆ ಹೆಚ್ಚು ಕಡಿಮಿ 60 ಕಿ.ಮೀ. ಆಕ್ಕೈತಿ. ಟೋ ಮಾಡಿದ್ರ ಇಡೀ ಗಾಡಿ ಮ್ಯಾಗ ಹೊರೂ ಫ್ಲ್ಯಾಟ್‌ಬೆಡ್ ಕರಸ್ರಿ. ಸ್ಟೇರಿಂಗ್ ಲಾಕ್ ಇದ್ದಾಗ ಮುಂದಿನ ಗಾಲಿ ನೆಲಕ್ಕ ಬಿಟ್ಟು ಎಳಿಯಾಕ ಬರೂದಿಲ್ಲ.

ಕಾಯಿಲ್_ಧಾರವಾಡ

ಮೇಲಿನವರು ಹೇಳಿದ್ದು ಸರಿ. ಚಿಪ್ ಏನು ಮಾಡುತ್ತದೆ ಎಂಬುದು ಗೊತ್ತಿದ್ದರೆ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹಿಡಿಯಬಹುದು, ಅದಕ್ಕಾಗಿ ಇಷ್ಟು.

ಇಗ್ನಿಷನ್ ಲಾಕಿನ ಬಾಯಿಯ ಸುತ್ತ ಒಂದು ತಾಮ್ರದ ಸುರುಳಿ ಇದೆ. ಚಾವಿ ತಿರುಗಿಸಿದ ಕೂಡಲೇ ಅದು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಚಾವಿಯ ತಲೆಯೊಳಗಿನ ಚಿಪ್‌ಗೆ ಸ್ವಂತ ಸೆಲ್ ಇಲ್ಲ. ಆ ಕ್ಷೇತ್ರದಿಂದಲೇ ಶಕ್ತಿ ಎಳೆದುಕೊಂಡು ಎಚ್ಚರಾಗುತ್ತದೆ. ಬಹಳ ಗಾಡಿಗಳಲ್ಲಿ ಕಾಣುವ ಕಪ್ಪು ಚಿಪ್‌ನ ಅಳತೆ 12 ಮಿ.ಮೀ. ಉದ್ದ, 6 ಅಗಲ, 3 ದಪ್ಪ. ಕೈಯಲ್ಲಿ ಹಿಡಿದರೆ ಕಲ್ಲಿದ್ದಲ ಚೂರು, ಬಿಸಾಡುವಂಥ ವಸ್ತು. ಗಾಡಿ ಅದಕ್ಕೆ ಪ್ರತಿಸಲ ಹೊಸದೊಂದು ಸಂಖ್ಯೆ ಕಳಿಸುತ್ತದೆ, ಚಿಪ್ ತನ್ನಲ್ಲಿರುವ ಗುಪ್ತ ಸಂಖ್ಯೆ ಸೇರಿಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಉತ್ತರ ಕೂಡಿದರೆ ಮಾತ್ರ ಇಸಿಎಂ ಪೆಟ್ರೋಲ್ ಮತ್ತು ಸ್ಪಾರ್ಕ್ ಬಿಡುತ್ತದೆ. ನಿಮ್ಮ ಗಾಡಿಯಲ್ಲಿ ಸುರುಳಿಯ ಹಿಂದಿನ ಡಬ್ಬಿ ಬರೀ ದೂತ, ನಿರ್ಧಾರ ಇಸಿಎಂನದು. ಆದ್ದರಿಂದ ಡಬ್ಬಿ ಬದಲಿಸಿದರೂ ಏನೂ ಆಗುವುದಿಲ್ಲ. ಗುಜರಿಯಿಂದ ತಂದ ಇಸಿಎಂ ಹಾಕಿದರೆ ಅದು ತನ್ನ ಹಳೇ ಗಾಡಿಯ ಪಿನ್, ಹಳೇ ಚಾವಿಗಳನ್ನೇ ಕೇಳುತ್ತದೆ. ಗುಜರಿ ಚಾವಿಯದೂ ಅದೇ ಪಾಡು, ಬಹಳಷ್ಟು ಚಿಪ್‌ಗಳು ಒಮ್ಮೆ ಒಂದು ಗಾಡಿಗೆ ಕಲಿತ ಮೇಲೆ ಬೀಗ ಹಾಕಿಕೊಳ್ಳುತ್ತವೆ.

ರಿಮೋಟ್ ಸಂಪೂರ್ಣ ಬೇರೆ ವಿಷಯ. ಅದು ರೇಡಿಯೋ, ನಮ್ಮಲ್ಲಿ 433 ಮೆಗಾಹರ್ಟ್ಸ್. ಪ್ರತಿ ಸಲ ಒತ್ತಿದಾಗಲೂ ಕೋಡ್ ಬದಲಾಗುತ್ತದೆ, ಹಾಗಾಗಿ ಒಂದು ಸಲ ಹಿಡಿದಿಟ್ಟುಕೊಂಡ ಸಿಗ್ನಲ್ ಮತ್ತೆ ಬಿಟ್ಟರೆ ಬಾಗಿಲು ತೆರೆಯುವುದಿಲ್ಲ. ಆನ್‌ಲೈನ್‌ನಲ್ಲಿ ನೋಡಲು ಥೇಟ್ ಅದೇ ತರಹದ ರಿಮೋಟ್ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ಅಮೆರಿಕ, ಜಪಾನ್‌ಗೆ ಮಾಡಿದ 315 ಮೆಗಾಹರ್ಟ್ಸ್ ಮಾಲೂ ಇರುತ್ತದೆ. ಅದನ್ನು ಯಾವ ಮಶೀನಿನಿಂದಲೂ ನಿಮ್ಮ ಗಾಡಿಗೆ ಕಲಿಸಲಾಗದು. ಚಿಪ್ ಯಾವ ಜಾತಿಯದು ಎಂಬುದನ್ನೂ ಚಾಸಿ ನಂಬರ್ ಹಾಕಿಯೇ ಖಚಿತಪಡಿಸಿಕೊಳ್ಳಬೇಕು. ಒಂದೇ ಹೆಸರಿನ ಮಾಡೆಲ್‌ಗೆ ವರ್ಷ ಬದಲಾದಂತೆ ಚಿಪ್ ಬದಲಾಗಿರುತ್ತದೆ.

ಇಮ್ಮೊಬಿಲೈಸರ್ ಎಷ್ಟು ಗಟ್ಟಿ ಎಂದರೆ: ಗುಪ್ತ ಸಂಖ್ಯೆ 40 ಬಿಟ್ ಉದ್ದವಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಅನ್ನು 2005ರಲ್ಲೇ ಸಂಶೋಧಕರು ಒಡೆದು ತೋರಿಸಿದರು. 48 ಬಿಟ್‌ನ ಹಿಟ್ಯಾಗ್2 ಚಿಪ್‌ನ ಸರದಿ 2012ರಲ್ಲಿ ಬಂತು. ಮೆಗಾಮಾಸ್ ಚಿಪ್ ಕುರಿತ ಪ್ರಬಂಧವನ್ನು 2013ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ತಡೆದಿತ್ತು, ಅದು ಹೊರಬಿದ್ದದ್ದು 2015ರಲ್ಲಿ. 2020ರಲ್ಲಿ 80 ಬಿಟ್‌ನ ಚಿಪ್‌ನಲ್ಲೂ ಹುಳುಕು ಸಿಕ್ಕಿತು. ಅಲ್ಲಿ ಗೂಢಲಿಪಿಗಿಂತ ಗಾಡಿ ಕಂಪನಿಗಳು ಗುಪ್ತ ಸಂಖ್ಯೆ ಆರಿಸಿಕೊಂಡ ರೀತಿ ದುರ್ಬಲವಾಗಿತ್ತು. ಇಷ್ಟಾದರೂ ಚಿಪ್ ಇಲ್ಲದ್ದಕ್ಕಿಂತ ಇರುವುದು ಬಹಳ ವಾಸಿ. ಯುರೋಪಿನಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ ಹೊಸ ಕಾರಿಗೆ ಇದು ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯವಿರಲಿಲ್ಲ. ಅಲ್ಲಿ ಇಮ್ಮೊಬಿಲೈಸರ್ ಇಲ್ಲದೆ ಮಾರಿದ ಕಿಯಾ, ಹುಂಡೈ ಕಾರುಗಳನ್ನು ಸ್ಟೇರಿಂಗ್ ಕವಚ ಮುರಿದು ಯುಎಸ್‌ಬಿ ಕೇಬಲ್‌ನ ತುದಿಯಿಂದ ತಿರುಗಿಸಿ ಒಯ್ಯುವ ವಿಡಿಯೋಗಳು 2021, 2022ರಲ್ಲಿ ಹರಡಿದವು. "ಇಮ್ಮೊಬಿಲೈಸರ್ ಕಿತ್ತು ಒಗೀರಿ" ಎನ್ನುವವರು ನಿಮ್ಮ ಗಾಡಿಯನ್ನೂ ಆ ಸಾಲಿಗೆ ಸೇರಿಸಲು ಹೊರಟಿದ್ದಾರೆ.

ಚಾವಿ_ಮಶೀನ್_ಹುಬ್ಬಳ್ಳಿ

ಹೌದ್ರಿ, ಅದನ್ನ ಹೇಳೂದು ಉಳಿದಿತ್ತು. ಬೈಪಾಸ್, ಅಂದ್ರ ಇಮ್ಮೊಬಿಲೈಸರ್ ತಪ್ಪಸೂದು, ಎರಡು ನಮೂನಿ ಮಾಡ್ತಾರ. ಒಂದು, ಕಲಿಸಿದ ಚಿಪ್ಪನ್ನ ಆ ತಾಮ್ರದ ಸುರುಳಿ (ಕಾಯಿಲ್) ಹತ್ರ ಟೇಪ್ ಸುತ್ತಿ ಕವರ್ ಒಳಗ ಮುಚ್ಚಿಡೂದು. ಇನ್ನೊಂದು, ಇಸಿಎಂ ಒಳಗಿನ ಇಮ್ಮೊಬಿಲೈಸರನ್ನ ಸಾಫ್ಟ್‌ವೇರ್‌ನಿಂದ ಬಂದ್ ಮಾಡೂದು. ಎರಡರಾಗೂ ಆಮ್ಯಾಗ ಯಾವ ಕೊರೆದ ಬ್ಲೇಡ್ ಹಾಕಿದ್ರೂ ಗಾಡಿ ಚಾಲೂ. ಮಾಡಿದ್ದು ಮಾಲಕರಿಗೆ ಗೊತ್ತೂ ಆಗೂದಿಲ್ಲ, ಗಾಡಿ ಚಾಲೂ ಆತಲ್ಲ ಅಂತ ರೊಕ್ಕಾ ಕೊಟ್ಟು ಕಳಸ್ತಾರ.

ಪರೀಕ್ಷೆ ಸಸಾರ ಐತಿ. ಎರಡು ಚಿಪ್ ಚಾವಿ ಜೋಡಿ, ಚಿಪ್ ಇಲ್ಲದ ಬರೇ ಬ್ಲೇಡ್ ಒಂದು ಕೊರಸ್ರಿ. ರೊಕ್ಕಾ ಕೊಡೂ ಮುಂಚೆ, ಚಿಪ್ ಚಾವಿ ಎಲ್ಲಾ ದೂರ ಇಟ್ಟು, ಆ ಬ್ಲೇಡ್ ಹಾಕಿ ಸೆಲ್ಫ್ ಹೊಡೀರಿ. ಎಂಜಿನ್ ಹಿಡದು ಓಡಾಕ ಹತ್ತಿದ್ರ ಬೈಪಾಸ್ ಮಾಡ್ಯಾರ ಅಂತ ತಿಳೀರಿ. ಆಮ್ಯಾಗ ಒಂದೊಂದ ಚಿಪ್ ಚಾವಿ ಹಾಕಿ ಚಾಲೂ ಮಾಡಿ, ಬಂದ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಮತ್ತ ಚಾಲೂ ಮಾಡ್ರಿ. ಬ್ಲೇಡಿನಿಂದ ಬಾಗಲಾ ತೆರೀತೈತೋ, ರಿಮೋಟ್ ಎರಡೂ ಕೆಲಸಾ ಮಾಡ್ತಾವೋ, ಅದನ್ನೂ ನೋಡ್ರಿ. ರಿಮೋಟ್ ಕಲಿಸೂದು ಬ್ಯಾರೆ ಹಂತ, ಬಾಳ ಸಲ ಅದ ಮರೀತಾರ. ಆ ಬರೇ ಬ್ಲೇಡ್ ಒಗಿಯಬ್ಯಾಡ್ರಿ, ಚಾವಿ ಒಳಗ ಬಿಟ್ಟು ಬಾಗಲಾ ಹಾಕ್ಕೊಂಡ ದಿನಾ ಕೆಲಸಕ್ಕ ಬರತೈತಿ.

ಪಾಲಿಸಿ_ಹಾವೇರಿ

ಕಾಗದಪತ್ರದ ಕಡೆಯಿಂದ ಎರಡು ಮಾತು. ಚಾವಿ ಕಳೆದದ್ದಕ್ಕೆ ಪೊಲೀಸ್ ಠಾಣೆಯಲ್ಲಿ ಕಳೆದುಹೋದ ವಸ್ತುವಿನ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಚಾವಿಗೇನು ದೂರು ಎಂದು ಬಿಡುವವರೇ ಹೆಚ್ಚು. ಆದರೆ ಮುಂದೆ ಗಾಡಿ ಕಳುವಾದರೆ ವಿಮಾ ಕಂಪನಿ ಮೊದಲು ಕೇಳುವುದು ಎಲ್ಲಾ ಚಾವಿಗಳನ್ನು. ಎರಡರಲ್ಲಿ ಒಂದು ಕಡಿಮೆ ಇದ್ದು ಯಾವ ದಾಖಲೆಯೂ ಇಲ್ಲ ಎಂದರೆ, ಚಾವಿ ಗಾಡಿಯಲ್ಲೇ ಬಿಟ್ಟಿದ್ದಿರಿ ಎಂಬ ತಕರಾರು ಬರುತ್ತದೆ. ದೂರಿನ ಸ್ವೀಕೃತಿ, ಹೊಸ ಚಾವಿಯ ಬಿಲ್ಲು, ಬಿಲ್ಲಿನ ಮೇಲೆ ಚಾಸಿ ನಂಬರ್ ಮತ್ತು "ಹಳೆಯ ಚಾವಿಗಳನ್ನು ಅಳಿಸಲಾಗಿದೆ" ಎಂಬ ಸಾಲು, ಇವನ್ನು ಒಟ್ಟಿಗೆ ಇಡಿ. ಪೇಟೆಯವರಿಂದ ಮಾಡಿಸಿದರೂ ಪಕ್ಕಾ ಬಿಲ್ಲನ್ನೇ ಕೇಳಿ, ಚೀಟಿ ನಡೆಯುವುದಿಲ್ಲ.

ಪಾಲಿಸಿಯಲ್ಲಿ ಚಾವಿ ಬದಲಿಯ ಆಡ್-ಆನ್ ಇದೆಯೋ ನೋಡಿ. ಇದ್ದರೆ ಕೆಲಸ ಮಾಡಿಸುವ ಮೊದಲೇ ಕಂಪನಿಗೆ ತಿಳಿಸಬೇಕು, ಆಮೇಲೆ ಬಿಲ್ಲು ಕಳಿಸಿದರೆ ವಾದ ಬೆಳೆಯುತ್ತದೆ. ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಟೋ ಅದರಲ್ಲಿ ಬರಬಹುದು, ಕಿಲೋಮೀಟರ್ ಮಿತಿ ಎಷ್ಟಿದೆ ಎಂದು ಓದಿಕೊಳ್ಳಿ.

ನೀವು ಸೆಕೆಂಡ್ ಹ್ಯಾಂಡ್ ಎಂದಿದ್ದೀರಿ. ಆರ್‌ಸಿ ನಿಮ್ಮ ಹೆಸರಿಗೆ ಆಗಿದೆಯೇ? ಫಾರ್ಮ್ 29, 30 ಕೊಟ್ಟು ವರ್ಗಾವಣೆ ಆಗಿರದಿದ್ದರೆ ಶೋರೂಮಿನವರು ಪಿನ್ ವಿಷಯ ಮಾತಾಡುವುದೇ ಇಲ್ಲ, ಮಾತಾಡಬಾರದು ಕೂಡ. ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಕಾಯ್ದೆಯಲ್ಲಿ 14 ದಿನದ ಅವಧಿ ಇದೆ. ಆರ್‌ಸಿ ಆಗಿದ್ದರೂ ಇದನ್ನು ಮರೆತವರು ಬಹಳ.

ರಾಣೆಬೆನ್ನೂರು_ರಿಪೇರಿ

ಇದೇ ವಿಷಯಕ್ಕೆ ಸೇರಿದ್ದು ಒಂದು ಕೇಳ್ತೀನಿ. ಚಾವಿ ಕಳೆದಿಲ್ಲ. ಹಳೇ ಪ್ಲಾಸ್ಟಿಕ್ ಒಡೆದಿತ್ತು ಅಂತ ಮಡಚೋ ಕವರ್ ಹಾಕಿಸಿದ್ದು. ಈಗ ರಿಮೋಟ್ ಕೆಲಸ ಮಾಡುತ್ತೆ, ಬಾಗಿಲು ತೆರೆಯುತ್ತೆ, ಎಂಜಿನ್ ಮಾತ್ರ ಹಿಡಿದ ಹಾಗೆ ಮಾಡಿ ಎರಡು ಸೆಕೆಂಡಿಗೆ ಆರುತ್ತೆ. ಡ್ಯಾಶ್‌ಬೋರ್ಡಲ್ಲಿ ಚಾವಿ ಚಿತ್ರದ ದೀಪ ಮಿಣುಕುತ್ತೆ. ಮೆಕ್ಯಾನಿಕ್ ಪೆಟ್ರೋಲ್ ಪಂಪ್ ಹೋಗಿದೆ ಅಂತಾರೆ.

ಕಾಯಿಲ್_ಧಾರವಾಡ

ಪಂಪ್ ಬಿಚ್ಚಿಸಬೇಡಿ. ನಿಮ್ಮ ಚಿಪ್ ಹಳೇ ಕವರ್‌ನಲ್ಲೇ ಉಳಿದಿದೆ. ಕೆಲವು ಚಾವಿಗಳಲ್ಲಿ ಚಿಪ್ ರಿಮೋಟ್ ಬೋರ್ಡಿನ ಮೇಲಿರುವುದಿಲ್ಲ, ಬ್ಲೇಡಿನ ಬುಡದಲ್ಲಿ ಒಂದು ಗೂಡಿನಲ್ಲಿ ಬೇರೆಯಾಗಿ ಕೂತಿರುತ್ತದೆ. ಕವರ್ ಬದಲಿಸುವವರು ಬೋರ್ಡ್ ಮಾತ್ರ ಎತ್ತಿ ಹಾಕುತ್ತಾರೆ. ಹಳೇ ಕವರ್ ಹುಡುಕಿ, ಚಿಪ್ ಹೊರತೆಗೆದು, ಹೊಸ ಕವರ್‌ನಲ್ಲಿ ಅದಕ್ಕೆಂದೇ ಇರುವ ಗೂಡಿಗೆ ಹಾಕಿ. ಗೂಡು ಸಡಿಲಿದ್ದರೆ ಒಂದು ಹನಿ ಸಿಲಿಕೋನ್ ಸಾಕು. ಚಿಮಟದಿಂದ ಒತ್ತಿ ಹಿಡಿದರೆ ಚಿಪ್ ಸೀಳುತ್ತದೆ. ಪರೀಕ್ಷಿಸಲು ಕವರ್‌ಗೆ ಹಾಕುವುದೂ ಬೇಡ: ಚಿಪ್ಪನ್ನು ಇಗ್ನಿಷನ್ ಬಾಯಿಗೆ ತಾಗಿಸಿ ಹಿಡಿದು ಚಾವಿ ತಿರುಗಿಸಿ, ಓಡಿದರೆ ಅದೇ ತಪ್ಪು.

ಹಳೇ ಕವರ್ ಕಸಕ್ಕೆ ಹೋಗಿದ್ದರೆ ಎರಡನೇ ಚಾವಿ ಹಾಕಿ ನೋಡಿ. ಅದರಲ್ಲಿ ಓಡಿದರೆ ಹೊಸ ಚಿಪ್ ಕಲಿಸಿದರೆ ಮುಗಿಯಿತು. ಎರಡೂ ಚಾವಿಯಲ್ಲಿ ಓಡದಿದ್ದರೆ ಆಗ ಸುರುಳಿ, ಅದರ ಕನೆಕ್ಟರ್, ಫ್ಯೂಸ್ ಕಡೆ ನೋಡಬೇಕು. ಗೊಂಚಲಿನಲ್ಲಿ ಇನ್ನೊಂದು ಗಾಡಿಯ ಚಿಪ್ ಚಾವಿ ಇದ್ದರೂ ಒಮ್ಮೊಮ್ಮೆ ಹೀಗೆ ಆಗುತ್ತದೆ, ಎರಡು ಚಿಪ್ ಒಟ್ಟಿಗೆ ಉತ್ತರ ಕೊಟ್ಟು ಗೊಂದಲ ಮಾಡುತ್ತವೆ. ಬೇರ್ಪಡಿಸಿ ನೋಡಿ.

ವಿದ್ಯಾನಗರ_ವಿಂಡ್‌ಶೀಲ್ಡ್

ಪುಶ್ ಬಟನ್ ಗಾಡಿಯವರು ಏನ್ ಮಾಡ್ಬೇಕ್ರಿ? ಚಾವಿ ಮನಿಯೊಳಗ ಇದ್ರೂ ಗಾಡಿ ಒಯ್ಬಹುದು ಅಂತಾರಲ್ಲ.

ಕಾಯಿಲ್_ಧಾರವಾಡ

ಒಯ್ಯಬಹುದು. ಹ್ಯಾಂಡಲ್ ಮುಟ್ಟಿದಾಗ ಗಾಡಿ ಕಡಿಮೆ ಆವರ್ತನದಲ್ಲಿ ಚಾವಿಯನ್ನು ಕೂಗುತ್ತದೆ, ಆ ಕೂಗು ಸುಮಾರು ಒಂದು ಮೀಟರ್ ತಲುಪುತ್ತದೆ. ಕಳ್ಳರು ಇಬ್ಬರು: ಒಬ್ಬ ಗಾಡಿಯ ಹತ್ತಿರ, ಇನ್ನೊಬ್ಬ ನಿಮ್ಮ ಮುಂಬಾಗಿಲ ಹೊರಗೆ. ಅವರ ಯಂತ್ರ ಕೂಗನ್ನು ಉದ್ದ ಮಾಡಿ ಒಳಗಿನ ಚಾವಿಗೆ ಮುಟ್ಟಿಸುತ್ತದೆ. ಇಲ್ಲಿ ಗೂಢಲಿಪಿ ಒಡೆಯುವ ಪ್ರಶ್ನೆಯೇ ಇಲ್ಲ, ಚಾವಿ ನಿಜವಾದ ಉತ್ತರವನ್ನೇ ಕೊಡುತ್ತದೆ. ಚಾವಿಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುವುದು ಬಿಡಿ. ಬಿಗಿ ಮುಚ್ಚಳದ ಉಕ್ಕಿನ ಡಬ್ಬಿಯೂ ಆದೀತು, ಆದರೆ ಪರೀಕ್ಷಿಸಿ: ಚಾವಿ ಡಬ್ಬಿಯೊಳಗೆ ಹಾಕಿ, ಡಬ್ಬಿ ಹಿಡಿದುಕೊಂಡೇ ಹ್ಯಾಂಡಲ್ ಒತ್ತಿ. ತೆರೆದರೆ ಆ ಡಬ್ಬಿ ಚಹಾಪುಡಿಗೇ ಇರಲಿ.

ಇನ್ನೊಂದು, ಸೆಲ್ ಸತ್ತರೆ ಟೋ ಕರೆಯುವವರಿದ್ದಾರೆ. ಚಾವಿಯೊಳಗೆ ಎಳೆದು ತೆಗೆಯುವ ಬ್ಲೇಡ್ ಇದೆ, ಬಾಗಿಲು ಅದರಿಂದ. ಆಮೇಲೆ ಚಾವಿಯನ್ನು ಸ್ಟಾರ್ಟ್ ಬಟನ್‌ಗೆ, ಅಥವಾ ಮ್ಯಾನುವಲ್‌ನಲ್ಲಿ ತೋರಿಸಿದ ಜಾಗಕ್ಕೆ ತಾಗಿಸಿ ಒತ್ತಿ. ಒಳಗಿನ ಸೆಲ್ ಬೇಡದ ಚಿಪ್ ಆಗ ಕೆಲಸಕ್ಕೆ ಬರುತ್ತದೆ. ಸೆಲ್ ನಂಬರ್ ಅದರ ಮೈಮೇಲೇ ಇರುತ್ತದೆ: ಸಿಆರ್2032 ಎಂದರೆ 20 ಮಿ.ಮೀ. ಅಗಲ, 3.2 ದಪ್ಪ. 2025 ಹಾಕಿದರೆ ಅದು 2.5 ದಪ್ಪ, ಸಡಿಲಾಗಿ ಒಮ್ಮೆ ನಡೆದು ಒಮ್ಮೆ ನಿಲ್ಲುತ್ತದೆ.

ಬೆಟಗೇರಿ_ಬಸ್ಯಾ

ಎಲ್ಲಾರಿಗೂ ಶರಣ್ರಿ. ಆರ್‌ಸಿ, ಪಾಲಿಸಿ ಎರಡೂ ನನ್ನ ಹೆಸರಿಗೆ ಆಗ್ಯಾವ. ಟ್ಯಾಗ್ ಹಳೇ ಮಾಲಕರ ಫೈಲ್‌ನ್ಯಾಗ ಸಿಕ್ಕೈತಿ, ಫೋಟೋ ಇಲ್ಲೇ ಹಾಕ್ಲೇನು? ಕಡೀ ಪ್ರಶ್ನೆ ಉಳೀತು, ಕಳದ ಚಾವಿದ್ದು. ಗೊಂಚಲದಾಗ ಅಂಗಡಿ ಹೆಸರಿನ ಬಿಲ್ಲೆ ಇತ್ತು.

ಚಾವಿ_ಮಶೀನ್_ಹುಬ್ಬಳ್ಳಿ

ಫೋಟೋ ಹಾಕಬ್ಯಾಡ್ರಿ, ವಾಟ್ಸಾಪ್ ಗ್ರೂಪಿಗೂ ಬ್ಯಾಡ. ಆ ನಂಬರ್ ಇದ್ರ ನಿಮ್ಮ ಬಾಗಲಾದ ಚಾವಿ ಯಾರ ಬೇಕಾದ್ರೂ ಕೊರಸ್ಕೋಬಹುದು. ಕೆಲಸಾ ಮಾಡೋರ ಕೈಗೆ ಟ್ಯಾಗ್ ಕೊಟ್ಟು, ಮುಗಿದ ಮ್ಯಾಗ ವಾಪಸ್ ಇಸ್ಕೋರಿ.

ಕಳದ ಚಾವಿ ಚಿಪ್ ಹೊಸಾದು ಕಲಿಸಿದಾಗ ಅಳಿಸಿ ಹೋಗತೈತಿ, ಅದರಿಂದ ಎಂಜಿನ್ ಚಾಲೂ ಆಗೂದಿಲ್ಲ. ರಿಮೋಟ್ ನೆನಪು ಬ್ಯಾರೆ ಇರತೈತಿ, ಅದನ್ನೂ ಅಳಿಸಿ ಬರೀ ಹೊಸಾವ ಕಲಿಸ್ರಿ ಅಂತ ಬಾಯಿ ಬಿಟ್ಟು ಹೇಳ್ರಿ. ಬ್ಲೇಡಿಗೆ ಮಾತ್ರ ಅಳಿಸೂದು ಅನ್ನೂದಿಲ್ಲ. ಅದು ಈಗೂ ಬಾಗಲಾ ತೆರೀತೈತಿ, ಸ್ಟೇರಿಂಗ್ ಬಿಡಸತೈತಿ. ಅಂಗಡಿ ಹೆಸರಿನ ಬಿಲ್ಲೆ ಜೋಡಿ ಕಳದೈತಿ ಅಂದ್ರ, ಸಿಕ್ಕವರಿಗೆ ಗಾಡಿ ಹುಡುಕೂದು ತ್ರಾಸಿಲ್ಲ.

ಹೊಸಾ ಲಾಕ್‌ಸೆಟ್ ಹಾಕಿಸಬಹುದು: ಇಗ್ನಿಷನ್, ಡ್ರೈವರ್ ಬಾಗಲಾ, ಇನ್ನೆಲ್ಲೆಲ್ಲಿ ಚಾವಿ ತೂತೈತೋ ಅಲ್ಲೆಲ್ಲಾ ಒಂದ ಚಾವಿ ಹೊಂದೂ ಹಂಗ ಬರತೈತಿ, ರೊಕ್ಕಾ ಜಾಸ್ತಿ. ಕಡಿಮಿ ಖರ್ಚಿನ್ಯಾಗ ಇದ್ದ ಲಾಕ್ ಬಿಚ್ಚಿ ಒಳಗಿನ ವೇಫರ್ ಅದಲು ಬದಲು ಮಾಡಿಸ್ರಿ. ಎರಡು ಮೂರು ವೇಫರ್ ಜಾಗಾ ಬದಲಾದ್ರ ಹಳೇ ಬ್ಲೇಡ್ ತಿರುಗೂದಿಲ್ಲ. ಬಾಗಲಾದ್ದು ಒಂದ ಮಾಡಿ ಇಗ್ನಿಷನ್ ಹಂಗ ಬಿಟ್ರ ಎರಡು ಚಾವಿ ಹಿಡ್ಕೊಂಡು ತಿರಗೂ ಪಾಳಿ, ಎರಡೂ ಒಂದ ಅಳತಿಗೆ ಮಾಡ್ಸ್ರಿ. ಮಾಡ್ಸೂದಾದ್ರ ಹೊಸಾ ಚಾವಿ ಕೊರಿಸೂ ಮುಂಚೆ ಮಾಡ್ಸ್ರಿ, ಇಲ್ಲಂದ್ರ ಬ್ಲೇಡಿಗೆ ಎರಡು ಸಲ ರೊಕ್ಕಾ. ವೇಫರ್ ಬದಲಾದ ಮ್ಯಾಗ ಟ್ಯಾಗಿನ ನಂಬರ್ ನಿಮ್ಮ ಗಾಡಿಗೆ ಕೂಡೂದಿಲ್ಲ, ಹೊಸಾ ಆಳದ ಅಂಕಿ ಸಾಲಾಗಿ ಬರಸ್ಕೊಂಡು ಆರ್‌ಸಿ ಫೈಲ್‌ನ್ಯಾಗ ಇಡ್ರಿ.